ಅರಿಸಿನದ ಕಾಗದವೂ ಚರ್ಮದ ಆರೈಕೆಯೂ

ಕಳೆದ ವರ್ಷ ಚಳಿಗಾಲದ ಆರಂಭದಲ್ಲಿ ನಾವು ರುದ್ರಪಟ್ಟಣಕ್ಕೆ ಹೋಗಿದ್ದೆವು. ಅರಕಲಗೂಡು ತಾಲ್ಲೂಕಿಗೆ ಸೇರಿದ, ಕಾವೇರಿಯ ದಡದ ಈ ಊರು ಸಂಗೀತಗಾರರ ತವರೆಂದು ನಾಡಿಗೆಲ್ಲ ಪರಿಚಿತವಾದುದು. ತಂಬೂರಿಯ ಆಕಾರದಲ್ಲಿ ಕಟ್ಟಿದ ಧ್ಯಾನಮಂದಿರವನ್ನು ನೋಡಲು ದೂರದೂರದಿಂದ ಜನರು ಇಲ್ಲಿಗೆ ಬರುತ್ತಾರೆ. ಆದರೆ ನಮ್ಮನ್ನು ಅಲ್ಲಿಗೆ ಕರೆದೊಯ್ದುದು ಸಂಗೀತವಲ್ಲ, ನಮ್ಮ ಸೋದರತ್ತೆಯ ಹಿಮ್ಮಡಿ! ಚಳಿಗೆ ಹಿಮ್ಮಡಿ ಒಡೆದು, ನಡೆದಾಗಲೆಲ್ಲ ರಕ್ತ ಜಿನುಗುತ್ತಿತ್ತು. ಅವರ ಮೊಮ್ಮಗಳು ಪಿ.ಯು.ಸಿ. ಓದುವ ಹುಡುಗಿ, ಅವಳ ಚಿಂತೆಯೆಲ್ಲ ಮುಖದ ಮೇಲೆ. ಹೀಗೆ ಒಂದೇ ಮನೆಯಲ್ಲಿ ಅಡಿಯಿಂದ ಮುಡಿಯವರೆಗಿನ ಚರ್ಮದ ಸಮಸ್ಯೆಗಳೆಲ್ಲವೂ ನಮ್ಮ ಮುಂದೆ ಬಂದು ನಿಂತವು. ಅಂದಿನಿಂದ ಒಂದು ವರ್ಷ ಕಾಲ ನಾವು ಪರೀಕ್ಷಿಸಿ ಮೆಚ್ಚಿದ ಕೆಲವು ವಸ್ತುಗಳ ವಿಚಾರವನ್ನೂ, ಮೆಚ್ಚದೆ ಎತ್ತಿಟ್ಟ ಒಂದು ವಸ್ತುವಿನ ವಿಚಾರವನ್ನೂ ಇಲ್ಲಿ ವಾಚಕರ ಮುಂದಿಡುತ್ತೇವೆ.

ಮೊದಲು ಚರ್ಮದ ರಚನೆಯನ್ನು ಸ್ವಲ್ಪ ನೋಡೋಣ. ನಮ್ಮ ಮೈಯ ಅತ್ಯಂತ ಹೊರಗಿನ ಪದರವು ಸತ್ತ ಜೀವಕೋಶಗಳದು. ದೇಹದ ಬಹುಭಾಗದಲ್ಲಿ ಇದು ಬರೆಯುವ ಕಾಗದಕ್ಕಿಂತಲೂ ತೆಳು. ಅಂಗಾಲಿನಲ್ಲಿ ಮಾತ್ರ ಬಹಳ ದಪ್ಪ. ಈ ಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸಬಹುದು. ಸತ್ತ ಕೋಶಗಳೇ ಇಟ್ಟಿಗೆಗಳು. ಅವುಗಳ ನಡುವಣ ಜಿಡ್ಡೇ ಗಾರೆ. ಒಳಗಿನ ನೀರು ಆರಿಹೋಗದಂತೆ, ಹೊರಗಿನ ಕ್ರಿಮಿಗಳು ಒಳನುಗ್ಗದಂತೆ ಕಾಯುವುದು ಈ ಗೋಡೆಯೇ. ಗಾರೆಯು ಕರಗಿತೆಂದರೆ ನೀರು ಸೋರುತ್ತದೆ, ಗೋಡೆಯು ಬಿರಿಯುತ್ತದೆ. ಅತ್ತೆಯ ಹಿಮ್ಮಡಿಯಲ್ಲಿ ಆಗಿದ್ದುದು ಇದೇ.

ಇನ್ನೊಂದು ಸಂಗತಿಯೂ ಉಂಟು. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯವಾದುದು. ಈ ಆಮ್ಲದ ತೆಳುಹೊದಿಕೆಯನ್ನು 1928ರಲ್ಲಿ ಶಾಡೆ ಮತ್ತು ಮಾರ್ಕಿಯೋನಿನಿ ಎಂಬ ಜರ್ಮನ್ ವೈದ್ಯರು ವಿವರಿಸಿದರು. ಪಿ.ಎಚ್. ಮಾನದಲ್ಲಿ ಹೇಳುವುದಾದರೆ ಚರ್ಮದ ಬೆಲೆ ಸುಮಾರು 5. ಸಾಬೂನಿನ ನೀರಿನದು 9ರಿಂದ 10. ಈ ಮಾನದಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟಿನ ವ್ಯತ್ಯಾಸವನ್ನು ಸೂಚಿಸುತ್ತದೆಯಾದ್ದರಿಂದ 5ಕ್ಕೂ 10ಕ್ಕೂ ನಡುವೆ ಇರುವುದು ಒಂದು ಲಕ್ಷ ಪಟ್ಟಿನ ಅಂತರ.

ಇದನ್ನು ಹುಡುಗಿಗೆ ಹೇಳಿದಾಗ ಅವಳು, "ಮಾವ, ನೀವು ಹೇಳಿದಿರಿ ಅಂತ ನಂಬಬೇಕಾ? ತೋರಿಸಿ ಮತ್ತೆ!" ಎಂದಳು. ನ್ಯಾಯವಾದ ಮಾತು. ಪ್ರಯೋಗಶಾಲೆ ದೂರವಿದ್ದರೇನು, ಅಡುಗೆಮನೆ ಹತ್ತಿರವೇ ಇತ್ತಲ್ಲ! ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದನ್ನು ಓಕುಳಿಯ ನೀರಿನಲ್ಲಿ ನೋಡದವರಾರು? ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ಹಳದಿ ವಸ್ತುವು ಕ್ಷಾರದ ಸಂಪರ್ಕದಿಂದ ಕೆಂಪಗಾಗುತ್ತದೆ. ಅರಿಸಿನದ ಪುಡಿಯನ್ನು ಸ್ವಲ್ಪ ಸ್ಪಿರಿಟ್ಟಿನಲ್ಲಿ ಕದಡಿ, ಅದರಲ್ಲಿ ಮಸಿಹೀರು ಕಾಗದದ ಪಟ್ಟಿಗಳನ್ನು ಅದ್ದಿ ನೆರಳಲ್ಲಿ ಒಣಗಿಸಿದೆವು. ಪರೀಕ್ಷಾಪತ್ರ ಸಿದ್ಧವಾಯಿತು. ವಾಚಕರೂ ಇದನ್ನು ಮಾಡಿ ನೋಡಬಹುದು. ಸ್ಪಿರಿಟ್ಟನ್ನು ಮಾತ್ರ ಒಲೆಯ ಬಳಿಗೆ ಒಯ್ಯಬಾರದು.

ಮನೆಯಲ್ಲಿದ್ದ ಸಾಬೂನುಗಳ ನೊರೆಯನ್ನು ಒಂದೊಂದಾಗಿ ಹಚ್ಚಿದೆವು. ಬಟ್ಟೆಯ ಸಾಬೂನು, ಮೈಯ ಸಾಬೂನು, ಮಗುವಿನ ಚಿತ್ರವಿದ್ದ ಸಾಬೂನು, ಮೂರೂ ಪಟ್ಟಿಗಳು ಕೆಂಪಾದವು. ಅತ್ತೆಯ ಸೀಗೆಪುಡಿಯ ನೀರನ್ನು ಹಾಕಿದಾಗ ಅದರ ಕಂದು ಕಲೆ ಬಿದ್ದಿತೇ ಹೊರತು ಕೆಂಪು ತಲೆದೋರಲಿಲ್ಲ. ಅಂಟುವಾಳದ ನೊರೆಗೂ, ನೀರಿನಲ್ಲಿ ಕಲಸಿದ ಹೆಸರುಹಿಟ್ಟಿಗೂ ಹಾಗೆಯೇ. "ಅಜ್ಜಿಗೆ ಫಸ್ಟ್ ಕ್ಲಾಸು, ನನ್ನ ಸೋಪಿಗೆ ಫೇಲು!" ಎಂದು ಹುಡುಗಿ ನಕ್ಕಳು.

ಸಾಬೂನನ್ನು ಇಲ್ಲಿ ಹಳಿಯುವುದು ನಮ್ಮ ಉದ್ದೇಶವಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಶ್ರೀಗಂಧದ ಕೊರಡುಗಳು ಯೂರೋಪಿಗೆ ಹೋಗಲಾರದೆ ರಾಶಿಬಿದ್ದಾಗ, ಅವುಗಳಿಂದ ಇಲ್ಲಿಯೇ ಎಣ್ಣೆ ತೆಗೆದು ಸಾಬೂನಿಗೆ ಬೆರೆಸಿದ ಮೈಸೂರು ಸಂಸ್ಥಾನದ ಸಾಹಸವನ್ನು ಯಾವ ಕನ್ನಡಿಗನು ಮರೆತಾನು? ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆಯು ಹುಟ್ಟಿತು. ಕೈಗಂಟಿದ ಕೊಳೆಯನ್ನೂ ರೋಗಾಣುಗಳನ್ನೂ ತೊಳೆಯಲು ಸಾಬೂನು ಅತ್ಯುತ್ತಮವಾದುದು. ಆದರೆ ಕೊಬ್ಬಿಗೆ ಕ್ಷಾರವನ್ನು ಕೂಡಿಸಿ ಮಾಡಿದ ಯಾವ ಸಾಬೂನೇ ಆಗಲಿ, ಗಂಧದ್ದಾಗಲಿ ಬೇವಿನದಾಗಲಿ, ಅದರ ನೀರು ಕ್ಷಾರವೇ. ಅದು ಕೊಳೆಯ ಜಿಡ್ಡಿನೊಡನೆ ಗೋಡೆಯ ಗಾರೆಯನ್ನೂ ಅಷ್ಟಿಷ್ಟು ಒಯ್ಯುತ್ತದೆ. ಸೀಗೆ ಅಂಟುವಾಳಗಳ ನೊರೆಗೆ ಕಾರಣವು ಸಪೋನಿನ್ ಎಂಬ ಬೇರೆಯೇ ಬಗೆಯ ವಸ್ತು. ಅದಕ್ಕೆ ಕ್ಷಾರದ ಹಂಗಿಲ್ಲ. ಈ ನೊರೆ ಕಣ್ಣಿಗೆ ಬಿದ್ದರೆ ಏನಾಗುವುದೆಂಬುದನ್ನು ದೀಪಾವಳಿಯ ಎಣ್ಣೆಸ್ನಾನದಲ್ಲಿ ಅತ್ತ ಮಕ್ಕಳನ್ನೇ ಕೇಳಬೇಕು.

ಅರಿಸಿನದ ಕಾಗದವು ಕೆಂಪಾಗಲಿಲ್ಲವೆಂದ ಮಾತ್ರಕ್ಕೆ ವಸ್ತುವು ನಿರಪಾಯವೆಂದು ತಿಳಿಯಬಾರದು. ನಿಂಬೆರಸವೂ ಕಾಗದವನ್ನು ಕೆಂಪು ಮಾಡದು. ಆದರೆ ಅದು ಚರ್ಮಕ್ಕಿಂತ ನೂರಾರು ಪಟ್ಟು ತೀಕ್ಷ್ಣವಾದ ಆಮ್ಲ; ಅದನ್ನು ಮುಖಕ್ಕೆ ಉಜ್ಜಿ ಬಿಸಿಲಿಗೆ ಹೋದವರಲ್ಲಿ ಚರ್ಮವು ಸುಟ್ಟಂತಾಗಿ ಕಪ್ಪು ಕಲೆಗಳು ಉಳಿಯುವುದುಂಟು.

ಇನ್ನು ಅತ್ತೆಯ ಹಿಮ್ಮಡಿ. ಸೋರುವ ಗೋಡೆಗೆ ಮೆತ್ತಲು ನಾವು ಆರಿಸಿದ್ದು ಪೆಟ್ರೋಲಿಯಮ್ ಜೆಲ್ಲಿಯನ್ನು. ಇದರ ಹುಟ್ಟು ಸ್ವಾರಸ್ಯವಾದುದು. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಎಣ್ಣೆಬಾವಿಗಳ ಕೊಳವೆಗಳಿಗೆ ಅಂಟುತ್ತಿದ್ದ ಮೇಣದಂಥ ಕಸವನ್ನು ಅಲ್ಲಿನ ಕೂಲಿಗಳು ಗಾಯಗಳಿಗೆ ಸವರಿಕೊಳ್ಳುತ್ತಿದ್ದುದನ್ನು ಚೀಸ್‌ಬ್ರೋ ಎಂಬ ತರುಣ ರಸಾಯನಜ್ಞನು ಕಂಡನು. ಅದನ್ನು ಶೋಧಿಸಿ 1872ರಲ್ಲಿ ಪೇಟೆಂಟ್ ಪಡೆದನು. ಈ ಜೆಲ್ಲಿಯು ಚರ್ಮಕ್ಕೆ ಯಾವ ಪೋಷಣೆಯನ್ನೂ ಕೊಡುವುದಿಲ್ಲ; ನೀರು ಆರಿಹೋಗದಂತೆ ಮುಚ್ಚಳವಾಗಿ ಕುಳಿತುಕೊಳ್ಳುತ್ತದೆ, ಅಷ್ಟೆ. ಆದುದರಿಂದಲೇ ಅದನ್ನು ಒಣಗಿದ ಕಾಲಿಗೆ ಹಚ್ಚಿದರೆ ಪ್ರಯೋಜನ ಕಡಿಮೆ. ರಾತ್ರಿ ಪಾದಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಒತ್ತಿ ಒರೆಸಿ, ತೇವವಿರುವಾಗಲೇ ಹಚ್ಚಿ ಹತ್ತಿಯ ಕಾಲುಚೀಲ ತೊಡಿಸಿದೆವು. ಮೂರು ವಾರಗಳಲ್ಲಿ ಬಿರುಕುಗಳು ಕೂಡಿಕೊಂಡವು. "ನಾವು ಹಿಂದೆ ಬೆಣ್ಣೆ ಹಚ್ಚಿಕೊಳ್ಳುತ್ತಿದ್ದೆವಪ್ಪಾ, ಅದೂ ಇದೇ ತಾನೆ?" ಎಂದರು ಅತ್ತೆ. ತತ್ತ್ವವೇನೋ ಅದೇ, ಆದರೆ ಜೆಲ್ಲಿಗೆ ಇರುವೆ ಬರುವುದಿಲ್ಲ!

ಸಕ್ಕರೆ ಕಾಯಿಲೆಯುಳ್ಳವರು ಮಾತ್ರ ಹಿಮ್ಮಡಿಯ ಬಿರುಕನ್ನು ವೈದ್ಯರಿಗೇ ತೋರಿಸಬೇಕು.

ಮೈಗೆ ಕೊಬ್ಬರಿ ಎಣ್ಣೆಯೂ ನಮ್ಮ ಮೆಚ್ಚಿನ ಪಟ್ಟಿಯಲ್ಲಿದೆ. 2004ರಲ್ಲಿ ಪ್ರಕಟವಾದ ಫಿಲಿಪೀನ್ಸ್ ದೇಶದ ಒಂದು ಅಧ್ಯಯನದಲ್ಲಿ ಒಣಚರ್ಮಕ್ಕೆ ಅದು ಖನಿಜತೈಲದಷ್ಟೇ ಗುಣಕಾರಿಯೆಂದು ಕಂಡುಬಂದಿತು. ಆದರೆ ಮೊಡವೆಯ ಮುಖಕ್ಕೆ ಅದು ಸಲ್ಲದು. ಹುಡುಗಿಯ ಮುಖಕ್ಕೆ ನೀರನ್ನು ಹಿಡಿದಿಡುವ ಗ್ಲಿಸರಿನ್ ಬೆರೆತ ತೆಳು ಲೇಪವೇ ಒಗ್ಗಿತು. ಕೊಬ್ಬು ಸಾಬೂನಾಗುವಾಗ ಜೊತೆಯಲ್ಲಿ ಹುಟ್ಟುವುದೂ ಇದೇ ಗ್ಲಿಸರಿನ್ ಎಂಬುದು ಗಮನಾರ್ಹ. ಬಿಸಿಲಿಗೆ ಎಸ್.ಪಿ.ಎಫ್. 30ರ ಲೇಪವನ್ನು ಕೊಂಡೆವು. ಗದ್ದೆಯಲ್ಲಿ ದುಡಿಯುವವರಿಗೆ ತುಂಬುತೋಳಿನ ಅಂಗಿಯೂ ಅಗಲವಾದ ಟೋಪಿಯೂ ಅದಕ್ಕಿಂತ ಅಗ್ಗ, ಅದಕ್ಕಿಂತ ನಂಬಿಕೆಗೆ ಅರ್ಹ ಎಂಬುದು ನಮ್ಮ ಅಭಿಪ್ರಾಯ.

ಇದೆಲ್ಲ ನಡೆಯುತ್ತಿರುವಾಗ ಒಂದು ದಿನ ಹುಡುಗಿಯು ಸಂಕೋಚದಿಂದ ಪುಟ್ಟ ಡಬ್ಬಿಯೊಂದನ್ನು ತಂದಳು. "ಮಾವ, ಇದನ್ನೂ ನೋಡಿ. ಹದಿನೈದು ದಿನದಲ್ಲಿ ಬೆಳ್ಳಗಾಗ್ತೀನಿ ಅಂತ ಗೆಳತಿ ಕೊಟ್ಟಳು." ಡಬ್ಬಿಯ ಮೇಲೆ ತಯಾರಕರ ವಿಳಾಸವಿಲ್ಲ, ಘಟಕಗಳ ಪಟ್ಟಿಯಿಲ್ಲ, ತಯಾರಾದ ದಿನಾಂಕವಿಲ್ಲ. ಅರಿಸಿನದ ಕಾಗದವು ಇಲ್ಲಿ ಮೂಕವಾಯಿತು. ಇಂಥ ಡಬ್ಬಿಗಳಲ್ಲಿ ನಾವು ಅಂಜುವ ವಸ್ತು ಪಾದರಸ. ಅದನ್ನು ಪತ್ತೆಮಾಡಲು ಸುಸಜ್ಜಿತ ಪ್ರಯೋಗಶಾಲೆಯೇ ಬೇಕು.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಒಳಗಿನ ಜೀವಕೋಶಗಳನ್ನು ಕಾಯುವ ಕೊಡೆ. ಪಾದರಸದ ಲವಣಗಳು ಆ ಕೊಡೆಯನ್ನು ಹೆಣೆಯುವ ಕಿಣ್ವವನ್ನೇ ತಡೆಯುತ್ತವೆ. ಮುಖವು ತಿಳಿಯಾಗುವುದು ನಿಜ; ಆದರೆ ಪಾದರಸವು ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡಗಳಲ್ಲಿ ಸಂಗ್ರಹವಾಗುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ 2021ರಿಂದ 2023ರವರೆಗೆ ಒಂದು ಬಗೆಯ ಮೂತ್ರಪಿಂಡ ರೋಗದ 22 ರೋಗಿಗಳನ್ನು ವೈದ್ಯರು ಪರೀಕ್ಷಿಸಿದರು. ಅವರ ಪೈಕಿ 15 ಮಂದಿಯಲ್ಲಿ ಅಪರೂಪದ ಒಂದೇ ಲಕ್ಷಣ ಕಂಡಿತು. ಆ ಹದಿನೈದರಲ್ಲಿ 13 ಮಂದಿ ಬಿಳುಪಿನ ಲೇಪ ಬಳಸಿದವರು! ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳು ಇಂಥ ಲೇಪಗಳಿಗೆ ಪಾದರಸ ಬೆರೆಸುವುದನ್ನು ನಿಷೇಧಿಸಿವೆ. ಅರಿವಿಲ್ಲದೆ ಸೇರಿಕೊಂಡರೂ ಅದು ಹತ್ತು ಲಕ್ಷಕ್ಕೆ ಒಂದು ಭಾಗವನ್ನು ಮೀರಕೂಡದು. ಹೆಸರಿಲ್ಲದ ಡಬ್ಬಿಗೆ ಯಾವ ನಿಯಮ?

ಹುಡುಗಿಯು ಬಹಳ ಹೊತ್ತು ಸುಮ್ಮನಿದ್ದಳು. ಎರಡು ಸಲ ಮಾತ್ರ ಹಚ್ಚಿಕೊಂಡಿದ್ದೆನೆಂದು ಆಮೇಲೆ ಹೇಳಿದಳು. ಡಬ್ಬಿಯನ್ನು ಹೊಳೆಗೆ ಎಸೆದುಬರುತ್ತೇನೆಂದು ಎದ್ದವಳನ್ನು ನಾವೇ ತಡೆದೆವು. ಪಾದರಸವು ಕೊಳೆತು ಇಲ್ಲವಾಗುವ ವಸ್ತುವಲ್ಲ. ನೀರಿಗೆ ಬಿದ್ದರೆ ಮೀನಿಗೆ, ಮೀನಿನಿಂದ ಮನುಷ್ಯನಿಗೆ ದಾಟುತ್ತದೆ. ಬಿರಡೆ ಬಿಗಿದ ಗಾಜಿನ ಬಾಟಲಿಯೊಳಗೆ ಸೇರಿ ಅದು ಈಗಲೂ ಅತ್ತೆಯ ಮನೆಯ ಅಟ್ಟದ ಮೇಲಿದೆ. ಅದನ್ನು ಯಾರಿಗೆ ಒಪ್ಪಿಸಬೇಕೆಂದು ಹುಡುಗಿಯೇ ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ಕಾಗದ ಬರೆದಿದ್ದಾಳೆ.