ದೀರ್ಘಕಾಲದ ಔಷಧಸೇವನೆಯೂ ಮುಂಗೈಮೂಳೆಯ ಮುರಿತವೂ

ಮೂಳೆಯು ಕಲ್ಲಿನಂತೆ ಜಡವಾಗಿ ತೋರಿದರೂ ಸಜೀವವಾದ ಅಂಗವಾಗಿದೆ. ಆಸ್ಟಿಯೊಕ್ಲಾಸ್ಟ್ ಎಂಬ ಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ. ಆಸ್ಟಿಯೊಬ್ಲಾಸ್ಟ್ ಎಂಬ ಕೋಶಗಳು ಆ ಸ್ಥಳದಲ್ಲಿ ಹೊಸದನ್ನು ಕಟ್ಟುತ್ತವೆ. ನಿತ್ಯದ ಬಳಕೆಯಿಂದ ಉಂಟಾಗುವ ಸೂಕ್ಷ್ಮವಾದ ಬಿರುಕುಗಳು ಸರಿಹೋಗುವುದು ಈ ಕ್ರಮದಿಂದಲೇ. ಮುಟ್ಟು ನಿಂತ ಸ್ತ್ರೀಯರಲ್ಲಿ ಅನೇಕರಿಗೆ ಕರಗುವಿಕೆಯು ಕಟ್ಟುವಿಕೆಯನ್ನು ಮೀರಿ, ಆಸ್ಟಿಯೊಪೊರೋಸಿಸ್ ಎಂಬ ರೋಗ ತಲೆದೋರುತ್ತದೆ.

ಈ ರೋಗಕ್ಕೆ ಬಿಸ್‌ಫಾಸ್ಫೊನೇಟ್ ವರ್ಗದ ಔಷಧಗಳನ್ನು ಕೊಡುವುದು ರೂಢಿ. ಅವುಗಳಲ್ಲೊಂದಾದ ಅಲೆಂಡ್ರೊನೇಟಿಗೆ ಅಮೆರಿಕದಲ್ಲಿ 1995ರಲ್ಲಿ ಅನುಮತಿ ದೊರೆಯಿತು. ಇವು ಮೂಳೆಯ ಖನಿಜಾಂಶಕ್ಕೆ ಅಂಟಿಕೊಂಡು ಆಸ್ಟಿಯೊಕ್ಲಾಸ್ಟುಗಳನ್ನು ನಿಗ್ರಹಿಸುತ್ತವೆ. ಇದರಿಂದ ಬೆನ್ನೆಲುಬಿನ ಹಾಗೂ ಸೊಂಟದ ಮುರಿತಗಳು ಕಡಮೆಯಾಗುವುವು. ಆದರೆ ಹಲವು ವರ್ಷಗಳ ಸೇವನೆಯ ಅನಂತರ ಕೆಲವರಲ್ಲಿ ಬಿರುಕುಗಳ ದುರಸ್ತಿಯೂ ಕುಂಠಿತವಾಗಿ, ಅಲ್ಪ ಕಾರಣಕ್ಕೇ ಮೂಳೆ ಮುರಿಯುವುದೆಂದು ಭಾವಿಸಲಾಗಿದೆ. ತೊಡೆಮೂಳೆಯ ಇಂತಹ ಮುರಿತಗಳ ವಿಷಯವಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2010ರಲ್ಲಿ ಎಚ್ಚರಿಕೆ ನೀಡಿತು. ಮುಂಗೈಯಲ್ಲಿ ಇವು ಅಪೂರ್ವ. ಆದುದರಿಂದಲೇ ಗಮನ ತಪ್ಪುವ ಸಂಭವ ಹೆಚ್ಚು.

ಮುಂಗೈಯಲ್ಲಿ ಮುರಿಯುವುದು ಕಿರುಬೆರಳಿನ ಕಡೆಯ ಅಲ್ನ ಮೂಳೆ. ಅದೂ ಬಹುಮಟ್ಟಿಗೆ ಮೊಣಕೈಗೆ ಸಮೀಪವಾದ ಭಾಗದಲ್ಲಿ. ಊರುಗೋಲಿನ ಮೇಲೆ ಭಾರ ಹಾಕಿ ನಡೆಯುವವರಲ್ಲಿಯೂ ಕೈಯೂರಿ ಮೇಲೇಳುವವರಲ್ಲಿಯೂ ಇದು ಕಂಡುಬಂದಿದೆ. ಕ್ಷ-ಕಿರಣ ಚಿತ್ರದಲ್ಲಿ ಮುರಿತದ ಗೆರೆ ಅಡ್ಡಲಾಗಿರುತ್ತದೆ, ಚೂರುಗಳು ವಿರಳ, ಮೂಳೆಯ ಹೊರಪದರವು ಅಲ್ಲಿ ದಪ್ಪವಾಗಿರಬಹುದು.

ಇದನ್ನು ಸಾಮಾನ್ಯ ಮುರಿತವೆಂದು ಬಗೆದು ಪ್ಲಾಸ್ಟರ್ ಹಾಕಿ ಕಾದರೆ ತಿಂಗಳುಗಳು ಕಳೆದರೂ ಮೂಳೆ ಕೂಡದೆ ಉಳಿಯಬಹುದು. ಆದಕಾರಣ ಚಿಕಿತ್ಸೆಯನ್ನು ಎರಡು ಬಗೆಯಾಗಿ ನಾವು ತಿಳಿಯಬೇಕು. ಮೊದಲನೆಯದು ಶಸ್ತ್ರಕ್ರಿಯೆ: ಗಡುಸಾದ ತುದಿಗಳನ್ನು ತೆಗೆದು, ಲೋಹದ ಪಟ್ಟಿಯನ್ನು ತಿರುಪುಗಳಿಂದ ಬಿಗಿದು, ಅಗತ್ಯವಿದ್ದರೆ ರೋಗಿಯ ಸೊಂಟದ ಮೂಳೆಯಿಂದಲೇ ತುಣುಕನ್ನು ತಂದು ಕೂಡಿಸುವುದು. ಎರಡನೆಯದು ಇಡೀ ದೇಹದ ಚಿಕಿತ್ಸೆ: ಆ ಔಷಧವನ್ನು ನಿಲ್ಲಿಸಿ, ಕ್ಯಾಲ್ಸಿಯಂ ಹಾಗೂ ಡಿ ಜೀವಸತ್ತ್ವದ ಕೊರತೆಯನ್ನು ತುಂಬುವುದು. ಮೂಳೆ ಕಟ್ಟುವಿಕೆಯನ್ನು ಪ್ರಚೋದಿಸುವ ಟೆರಿಪ್ಯಾರಟೈಡನ್ನು ಕೆಲವರಿಗೆ ಕೊಟ್ಟಿರುವುದುಂಟು. ಆದರೆ ಮುರಿತ ಕೂಡಿಸುವಲ್ಲಿ ಅದರ ಫಲ ಇನ್ನೂ ಸಿದ್ಧಪಟ್ಟಿಲ್ಲ. ಕೋಲಿನ ಭಾರ ಆ ಕೈಗೆ ಬೀಳದಂತೆ ಏರ್ಪಡಿಸುವುದೂ, ಇನ್ನೊಂದು ಕೈಯನ್ನೂ ಎರಡು ತೊಡೆಗಳನ್ನೂ ಪರೀಕ್ಷಿಸುವುದೂ ಅವಶ್ಯ.

ಇಷ್ಟರಿಂದ ಔಷಧವನ್ನೇ ತ್ಯಜಿಸಬೇಕೆಂದು ನಾವು ಹೇಳುವುದಿಲ್ಲ. ಅದು ತಪ್ಪಿಸುವ ಮುರಿತಗಳು ಅದರಿಂದಾಗುವ ಮುರಿತಗಳಿಗಿಂತ ಬಹಳ ಹೆಚ್ಚು. ಗುಳಿಗೆ ಸೇವಿಸುವವರಲ್ಲಿ ಸುಮಾರು 5 ವರ್ಷಗಳ ಅನಂತರ ಅದರ ಅಗತ್ಯವನ್ನು ವೈದ್ಯರು ಮತ್ತೆ ವಿಚಾರಿಸುವುದು ಯುಕ್ತ. ಮುಂಗೈ ನೋವೆಂದು ಬಂದ ವೃದ್ಧೆಯನ್ನು, ಯಾವ ಗುಳಿಗೆಯನ್ನು ಎಷ್ಟು ವರ್ಷದಿಂದ ಸೇವಿಸುತ್ತಿರುವಿರಿ, ಕೋಲನ್ನು ಯಾವ ಕೈಯಲ್ಲಿ ಹಿಡಿಯುವಿರಿ ಎಂದು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳು ಈಗಿನಿಂದಲೇ ಬೆಳೆಸಿಕೊಳ್ಳಬೇಕೆಂಬುದು ನಮ್ಮ ಆಶಯ.