ಹಿತ್ತಿಲ ಬೀಜಕೂಟ

ಬಿಳಿಗಿರಿರಂಗನ ಬೆಟ್ಟದ ಪಡುವಣ ಬಯಲಿನಲ್ಲಿ ಹರಡಿರುವ ಯಳಂದೂರು ಸೀಮೆಯ ಹೊನ್ನೂರಿನಂತಹ ಗ್ರಾಮಗಳಲ್ಲಿ, ರಾಗಿಹೊಲದ ಅಕ್ಕಡಿ ಸಾಲಿಗೆ ಅವರೆಯೋ ಹುಚ್ಚೆಳ್ಳೋ ಸಾಲದೆ ಬಂದಾಗ ನೆರೆಮನೆಯಿಂದ ಕೇಳಿ ತಂದು, ಸುಗ್ಗಿ ಮುಗಿದ ಮೇಲೆ ತುಸು ಹೆಚ್ಚಾಗಿಯೇ ಅಳೆದು ಹಿಂದಿರುಗಿಸುವುದು ಒಕ್ಕಲುತನದ ಸಹಜಧರ್ಮವಾಗಿದ್ದಿತು. ಅದಕ್ಕೆ ಸಂಘವೆಂಬ ಹೆಸರಾಗಲಿ ನಿಯಮಾವಳಿಯಾಗಲಿ ಬೇಕಿರಲಿಲ್ಲ. ಸಂಕರ ತಳಿಯ ಪೊಟ್ಟಣಗಳು ಅಂಗಡಿಗೆ ಬಂದ ಬಳಿಕ ಈ ಧರ್ಮವು ಕ್ಷೀಣಿಸಿತು. ಅಂತಹ ಗಿಡದ ಬೀಜವನ್ನು ಮರಳಿ ಬಿತ್ತಿದರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರಿ ಒಂದೊಂದು ಗಿಡ ಒಂದೊಂದು ಬಗೆಯಾಗುವುದರಿಂದ, ಬೀಜವನ್ನು ಎತ್ತಿಡುವುದೇ ನಿಷ್ಪ್ರಯೋಜಕವೆನಿಸಿ, ಕ್ರಮೇಣ ಎತ್ತಿಡುವ ವಿದ್ಯೆಯೂ ಮರೆತುಹೋಯಿತು. ಹಿಂದೆ ತಾನಾಗಿ ನಡೆಯುತ್ತಿದ್ದುದನ್ನು ಇಂದು ಸಂಕಲ್ಪಪೂರ್ವಕವಾಗಿ ನಡೆಸಬೇಕಾಗಿದೆ.

ಅಂತಹ ಸಂಕಲ್ಪಕ್ಕೆ ನಮ್ಮ ನಾಡಿನ ಉತ್ತಮ ನಿದರ್ಶನವೆಂದರೆ ಶಿರಸಿಯ ‘ವನಸ್ತ್ರೀ’. 2001ರಲ್ಲಿ ಸುನೀತಾ ರಾವ್ ಅವರ ಪ್ರೇರಣೆಯಿಂದ, ಮಲೆನಾಡಿನ ಗೃಹಿಣಿಯರು ತಮ್ಮ ಹಿತ್ತಿಲಿನ ಬೀಜಗಳನ್ನು ಪರಸ್ಪರ ಹಂಚಿಕೊಳ್ಳುವ ಅನೌಪಚಾರಿಕ ಕೂಟವಾಗಿ ಹುಟ್ಟಿದ ಇದು ಕಾಲಾಂತರದಲ್ಲಿ ನೋಂದಾಯಿತ ಸಂಸ್ಥೆಯಾಯಿತು. ಅಡಕೆ ತೋಟದ ಆದಾಯವು ಲೆಕ್ಕದ ಪುಸ್ತಕವನ್ನು ಸೇರುತ್ತಿದ್ದ ಸೀಮೆಯಲ್ಲಿ, ದಿನನಿತ್ಯದ ಅಡುಗೆಯನ್ನು ಪೊರೆಯುತ್ತಿದ್ದ ಹಿತ್ತಿಲು ಯಾರ ಗಣನೆಗೂ ಬಾರದೆ ಉಳಿದಿದ್ದಿತು. ಅಲ್ಲಿನ ಮೊಗೆಕಾಯಿ, ಬಸಳೆ, ಹರಿವೆ, ಕೆಸುಗಳ ನಾನಾ ಭೇದಗಳನ್ನು ಬಲ್ಲವರು ಹೆಂಗಸರೇ ಆಗಿದ್ದರು. ಮಳೆಗಾಲವು ಕಾಲಿಡುವ ಹೊತ್ತಿಗೆ ಈ ಬಳಗ ನಡೆಸುತ್ತ ಬಂದಿರುವ ‘ಮಲೆನಾಡು ಮೇಳ’ದಲ್ಲಿ ಬೀಜ, ಗೆಡ್ಡೆ, ಸಸಿಗಳ ಜೊತೆಗೆ ಅವುಗಳನ್ನು ಬೆಳೆಸುವ ಬಗೆಯೂ ಕೈಯಿಂದ ಕೈಗೆ ದಾಟುತ್ತದೆ.

ಈ ಬಗೆಯೆಂಬುದು ಸಾಮಾನ್ಯವಾದುದಲ್ಲ. ಅಲಸಂದೆ, ಟೊಮೇಟೊಗಳು ಬಹುಮಟ್ಟಿಗೆ ಸ್ವಪರಾಗಸ್ಪರ್ಶದಿಂದ ಕಾಯಿಕಟ್ಟುವುದರಿಂದ ಹೊಸಬರು ಇವುಗಳಿಂದ ಆರಂಭಿಸುವುದು ಲೇಸು. ಕುಂಬಳದ ವಿಷಯ ಹಾಗಲ್ಲ. ಜೇನುಹುಳು ನೆರೆಯ ಹಿತ್ತಿಲಿನ ಪರಾಗವನ್ನೂ ತರುವುದರಿಂದ, ಮರುದಿನ ಅರಳಲಿರುವ ಗಂಡು ಹೆಣ್ಣು ಮೊಗ್ಗುಗಳನ್ನು ಸಂಜೆಯೇ ದಾರದಿಂದ ಬಿಗಿದು, ಬೆಳಗ್ಗೆ ಕೈಯಿಂದಲೇ ಪರಾಗವನ್ನು ಮುಟ್ಟಿಸಿ, ಹೆಣ್ಣುಹೂವನ್ನು ಮತ್ತೆ ಕಟ್ಟಿದರೆ ಮಾತ್ರ ತಳಿಯ ಶುದ್ಧಿ ಉಳಿಯುತ್ತದೆ. ಟೊಮೇಟೊ ಬೀಜವನ್ನು ತಿರುಳಿನೊಡನೆ ಒಂದೆರಡು ದಿನ ನೀರಿನಲ್ಲಿ ಬಿಟ್ಟು, ಲೋಳೆ ಕಳಚಿದ ಮೇಲೆ ತೊಳೆದು ನೆರಳಿನಲ್ಲಿ ಒಣಗಿಸತಕ್ಕದ್ದು. ಕಾಳುಗಳಿಗೆ ಹುಳು ಹಿಡಿಯದಂತೆ ಒಣಬೂದಿ ಬೆರೆಸುವ ರೂಢಿ ಹಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ತಿಂದುಳಿದ ಕಡೆಯ ಕಾಯಿಯನ್ನು ಬೀಜಕ್ಕೆ ಬಿಡದೆ, ಉತ್ತಮವಾದ ಬಳ್ಳಿಯ ಉತ್ತಮವಾದ ಕಾಯಿಯನ್ನು ಮೊದಲೇ ಗುರುತಿಸಿ ಮೀಸಲಿಡಬೇಕು.

ಇಷ್ಟೆಲ್ಲ ಶ್ರಮವೇಕೆ, ಬೀಜಗಳನ್ನು ಕಾಪಿಡಲು ದೊಡ್ಡ ಭಂಡಾರಗಳಿಲ್ಲವೇ ಎಂದು ಕೇಳುವವರುಂಟು. ನಾರ್ವೆ ದೇಶದ ಸ್ವಾಲ್ಬಾರ್ಡ್ ದ್ವೀಪಸಮೂಹದ ಹಿಮದ ನೆಲದಲ್ಲಿ 2008ರಲ್ಲಿ ತೆರೆದ ಜಾಗತಿಕ ಭಂಡಾರವು ವಿಪತ್ತಿನ ಕಾಲಕ್ಕೆ ಆಸರೆಯೇ ಸರಿ. ಆದರೆ ಅಲ್ಲಿ ನಿದ್ರಿಸುವ ಬೀಜವು ವರ್ಷವರ್ಷವೂ ಬದಲಾಗುವ ನಮ್ಮ ಮಳೆ, ಮಣ್ಣು, ಕೀಟಗಳ ಪರಿಚಯವನ್ನು ಪಡೆಯಲಾರದು. ಬಿತ್ತಿದ ಬೀಜಕ್ಕಷ್ಟೇ ಆ ಶಿಕ್ಷಣ ದೊರೆಯುತ್ತದೆ. ಹೀಗೆ ಬೀಜವನ್ನು ಉಳಿಸಿ ಹಂಚುವುದಕ್ಕೆ ಕಾನೂನಿನ ಅಭಯವೂ ಉಂಟು: ವನಸ್ತ್ರೀ ಆರಂಭವಾದ 2001ರಲ್ಲೇ ರಚಿತವಾದ ಸಸ್ಯತಳಿ ಸಂರಕ್ಷಣೆ ಹಾಗೂ ರೈತರ ಹಕ್ಕುಗಳ ಅಧಿನಿಯಮವು, ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಮಾರುವ ರೈತನ ಹಕ್ಕನ್ನು ಮನ್ನಿಸಿದೆ; ಸಂರಕ್ಷಿತ ತಳಿಯ ಬೀಜವನ್ನು ಆ ತಳಿಯದೆಂದು ಚೀಟಿ ಹಚ್ಚಿದ ಪೊಟ್ಟಣದಲ್ಲಿ ಮಾರುವುದಕ್ಕೆ ಮಾತ್ರ ನಿಷೇಧ.

ಹೊನ್ನೂರಿನಲ್ಲಿ ಇಂತಹ ಕೂಟವನ್ನು ಕಟ್ಟಬಯಸುವವರಿಗೆ ಕಟ್ಟಡವೂ ಬೇಡ, ಬಂಡವಾಳವೂ ಬೇಡ. ಯುಗಾದಿಯ ಹೊನ್ನೇರು ಕಳೆದು ಭರಣಿ ಮಳೆ ಬೀಳುವುದರೊಳಗೆ ಹತ್ತು ಮನೆಯವರು ಒಂದು ಜಗಲಿಯಲ್ಲಿ ಸೇರಿ, ತಳಿಯ ಹೆಸರು, ಬೆಳೆದ ಊರು, ವರ್ಷಗಳನ್ನು ಬರೆದ ಒಂದೊಂದು ಪೊಟ್ಟಣವನ್ನು ಹಂಚಿಕೊಂಡರೆ ಸಾಕು. ಯಾವ ತಳಿಯೂ ಮೂರು ಮನೆಗಿಂತ ಕಡಿಮೆ ಕಡೆ ಇರದಂತೆ ನೋಡಿಕೊಳ್ಳುವುದೊಂದೇ ನಿಯಮ. ರಾಗಿಯೊಡನೆ ಅವರೆ, ಸಾಸಿವೆಗಳನ್ನು ಬೆರೆಸಿ ಬೆಳೆದು ಅನುಭವವುಳ್ಳ ಬೆಟ್ಟದ ಸೋಲಿಗ ಹಿರಿಯರನ್ನು ಗುರುಸ್ಥಾನದಲ್ಲಿ ಕರೆದರೆ ಕೂಟಕ್ಕೆ ಶೋಭೆ. ಅಂಗಡಿಯ ಪೊಟ್ಟಣವು ನಮಗೆ ಕೊಟ್ಟ ದೊಡ್ಡ ಸೌಕರ್ಯವೆಂದರೆ ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲದಿರುವುದು. ಅದರಿಂದಲೇ ಕೇಳುವುದು ನಮಗೀಗ ಸಂಕೋಚದ ಕೆಲಸವಾಗಿದೆ. ತನ್ನ ಹಿತ್ತಿಲಿನ ಅವರೆ ಹುಳು ಬಿದ್ದು ಹಾಳಾದ ವರ್ಷ ನೆರೆಯವರ ಬಾಗಿಲಿಗೆ ಹೋಗಿ ಒಂದು ಬೊಗಸೆ ಬೀಜವನ್ನು ನಿಸ್ಸಂಕೋಚವಾಗಿ ಕೇಳುವಂತಾದರೆ, ಆ ಊರಿನಲ್ಲಿ ಕೂಟವು ನೆಲೆಗೊಂಡಿತೆಂದೇ ತಿಳಿಯಬಹುದು.