ಮಹಾನಗರದ ಹೂವಿನ ಪಂಚಾಂಗ

ಚಳಿ ಕಳೆದೊಡನೆ ಮರವೂ ನೆಲವೂ ಒಟ್ಟಿಗೆ ಹೂ ತಳೆಯುವ ವಸಂತ ಸಮಶೀತೋಷ್ಣ ವಲಯದ ದೇಶಗಳಿಗೆ ಸೇರಿದ್ದು. ಮುಂಬೈ ಮತ್ತು ಅದರ ಉಪನಗರಗಳಲ್ಲಿ ಹೂಗಾಲ ಎರಡು ಪಾಲಾಗಿ ಬರುತ್ತದೆ. ಜನವರಿಯ ಕೊನೆಯಿಂದ ಮೇ ತಿಂಗಳವರೆಗಿನ ಒಣ ದಿನಗಳಲ್ಲಿ ಹೂ ಮರದ ಮೇಲಿರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅದು ನೆಲಕ್ಕಿಳಿದು ಅಕ್ಟೋಬರ್‌ವರೆಗೂ ಅಲ್ಲೇ ಇರುತ್ತದೆ. ಹೂಗಳ ಛಾಯಾಗ್ರಹಣಕ್ಕೆ ಜಾಗ ಹುಡುಕುವ ಮುಂಬೈಕರರು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸಾತಾರಾದ ಕಾಸ್ ಪ್ರಸ್ಥಭೂಮಿಯನ್ನು ನೆನೆಯುವುದು ಸಹಜವಾದರೂ, ಲೋಕಲ್ ರೈಲು ಮುಟ್ಟಿಸುವಷ್ಟು ಹತ್ತಿರದಲ್ಲೇ ಇರುವ ಹೂವಿನ ತಾಣಗಳು ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ದೂರವಲ್ಲ, ತಿಂಗಳ ಅರಿವಿಲ್ಲದಿರುವುದು.

ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಸುಮಾರು 104 ಚದರ ಕಿಲೋಮೀಟರ್ ಹರಡಿರುವ ಎಲೆಯುದುರು ಕಾಡು, ಅಂದರೆ ಬೇಸಿಗೆಯಲ್ಲಿ ನೀರು ಉಳಿಸಿಕೊಳ್ಳಲು ಮರಗಳು ಎಲೆ ಕಳಚಿಕೊಳ್ಳುವ ಬಗೆಯ ಕಾಡು. ಎಲೆಯ ಮರೆಯಿಲ್ಲದ ಬೋಳು ಕೊಂಬೆಯಲ್ಲಿ ಅರಳಿದ ಹೂ ದೂರದ ಹಕ್ಕಿಗೂ ಕಾಣುವುದರಿಂದ, ಪರಾಗಸ್ಪರ್ಶಕ್ಕೆ ಹಕ್ಕಿಗಳನ್ನು ನೆಚ್ಚಿದ ಬೂರುಗ, ಹಾಲಿವಾಣ ಮತ್ತು ಮುತ್ತುಗ ಇದೇ ಹೊತ್ತನ್ನು ಆರಿಸಿಕೊಂಡಿವೆ. ಸ್ಥಳೀಯರನ್ನು ದಾರಿ ಕೇಳುವವರಿಗೆ ಇವುಗಳ ಮರಾಠಿ ಹೆಸರುಗಳಾದ ಕಾಟೇಸಾವರ, ಪಾಂಗಾರಾ, ಪಳಸ ತಿಳಿದಿದ್ದರೆ ಅನುಕೂಲ. ಎಲೆಯಿಂದ ಊಟದ ಪತ್ರಾವಳಿಯಾಗಿ ಕನ್ನಡಿಗರಿಗೆ ಪರಿಚಿತವಾದ ಮುತ್ತುಗವು ಹೋಳಿಯ ಆಸುಪಾಸಿನಲ್ಲಿ ಹೂವಿನಿಂದಲೇ ಗುರುತಾಗುತ್ತದೆ. ಹತ್ತಿರದಿಂದ ನೋಡಿದರೆ ಅದರ ಪುಷ್ಪಪಾತ್ರೆ, ಅಂದರೆ ದಳಗಳನ್ನು ಹಿಡಿದಿರುವ ಬಟ್ಟಲು, ಕಪ್ಪಿಗೆ ತಿರುಗಿದ ಕಂದುಬಣ್ಣದ ಮಖಮಲ್ಲಿನಂತಿದ್ದು, ಅದರಿಂದ ಹೊರಟ ಕೇಸರಿ ದಳಗಳ ಪೈಕಿ ಒಂದು ಜೋಡಿ ಗಿಳಿಯ ಕೊಕ್ಕಿನಂತೆ ಬಾಗಿರುತ್ತದೆ. ದಳಗಳ ಹೊರಮೈಯಲ್ಲಿ ಬೆಳ್ಳಿಬಣ್ಣದ ನವಿರಾದ ರೋಮಗಳಿರುತ್ತವೆ. ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾದ ಸಂವೇದಕದ ಮೇಲೆ ಬೀಳಗೊಡುವ ಬೆಳಕಿನ ಪ್ರಮಾಣ, ತುಸು ಹೆಚ್ಚಾದರೂ ಈ ಕೇಸರಿ ಬಣ್ಣ ಕಲಸಿಹೋಗಿ ರೋಮಗಳು ಮಾಯವಾಗುವುದರಿಂದ, ಬೆಳಗ್ಗೆ ಏಳರಿಂದ ಒಂಬತ್ತರೊಳಗಿನ ಓರೆ ಬಿಸಿಲಿನಲ್ಲಿ ಆ ಪ್ರಮಾಣವನ್ನು ಕೊಂಚ ತಗ್ಗಿಸಿ ಚಿತ್ರ ತೆಗೆಯುವುದು ಲೇಸು. ಅದೇ ಹೊತ್ತಿಗೆ ಮಕರಂದಕ್ಕಾಗಿ ಮೈನಾ, ಸೂರಕ್ಕಿಗಳೂ ಬರುತ್ತವೆ.

ಕಾಡಿಗೆ ಹೋಗಲಾಗದವರಿಗೆ ರಸ್ತೆಗಳಿವೆ. ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ವಿಕ್ರೋಲಿ ಭಾಗದಲ್ಲಿ ಸಾಲಾಗಿ ನಿಂತಿರುವ ಗುಲಾಬಿ ಟಬೆಬುಯಾ ಮರಗಳು, ಇಲ್ಲಿಯವರ ಬಾಯಲ್ಲಿ ಬಸಂತ್ ರಾಣಿ, ಮಧ್ಯ ಅಮೆರಿಕ ಮೂಲದವು; ಬೇಸಿಗೆಯ ಹೊಸ್ತಿಲಲ್ಲಿ ಎಲೆಯುದುರಿಸಿ ತುತ್ತೂರಿಯಾಕಾರದ ಹೂಗಳಿಂದ ತುಂಬುವ ಇವು ಬೆಂಗಳೂರಿನವರಿಗೂ ಹೊಸವಲ್ಲ. ಕನ್ನಡಿಗರ ಹಳೆಯ ನೆಲೆಯಾದ ಮಾಟುಂಗಾದಲ್ಲಿ, 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನಿನಿಂದ ನಡೆದು ಹೋಗುವಷ್ಟು ಸಮೀಪದಲ್ಲೇ ಫೈವ್ ಗಾರ್ಡನ್ಸ್ ಮತ್ತು ದಾದರ್ ಪಾರ್ಸಿ ಕಾಲೊನಿ ಇವೆ. ಮಂಚೇರ್ಜಿ ಜೋಶಿಯವರು ಈ ಕಾಲೊನಿಯನ್ನು ರೂಪಿಸಿದಾಗ ಮನೆಗಳಷ್ಟೇ ಕಾಳಜಿಯಿಂದ ಸಾಲುಮರಗಳನ್ನೂ ಯೋಜಿಸಿದ್ದರ ಫಲವನ್ನು ನಗರ ಇಂದಿಗೂ ಉಣ್ಣುತ್ತಿದೆ. ಏಪ್ರಿಲ್–ಮೇ ತಿಂಗಳಲ್ಲಿ ನಗರದ ಹಲವು ಬೀದಿಗಳಲ್ಲಿ ಕಕ್ಕೆಯ ಹಳದಿ ಗೊಂಚಲು, ಮಹಾರಾಷ್ಟ್ರದ ರಾಜ್ಯಪುಷ್ಪವೂ ಆದ ಹೊಳೆದಾಸವಾಳದ ನೇರಳೆ, ಗುಲ್‌ಮೊಹರಿನ ಕೆಂಪು ಒಂದರ ಹಿಂದೊಂದು ಬರುತ್ತವೆ.

ಭಾಯಖಳಾದ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನಕ್ಕೆ, ಅಂದರೆ ಜನರ ರಾಣಿಬಾಗ್‌ಗೆ, ಹೆಚ್ಚಿನವರು ಪ್ರಾಣಿಗಳನ್ನು ನೋಡಲು ಹೋಗುತ್ತಾರೆ. 1862ರಲ್ಲಿ ತೆರೆದ ಈ ಸಸ್ಯೋದ್ಯಾನದ ನಿಜವಾದ ಸಂಪತ್ತು ಅದರ ಮರಗಳು. ಬರ್ಮಾ ಮೂಲದ, ಕಾಡಿನಲ್ಲಿ ಕಾಣಸಿಗುವುದೇ ಅಪರೂಪವಾದ ಆಮ್ಹರ್ಸ್ಟಿಯಾ ಮರ ಇಲ್ಲಿ ಊರ್ವಶಿ ಎನಿಸಿಕೊಂಡಿದ್ದು, ಚಳಿಗಾಲದಿಂದ ಬೇಸಿಗೆಯ ಮೊದಲವರೆಗೆ ಅದರ ಕೆಂಪು ಹೂಗಳು ಉದ್ದನೆಯ ಜೋಲುಗೊಂಚಲುಗಳಲ್ಲಿ ತೂಗುತ್ತವೆ. ಕಾಂಡದ ಮೇಲೆಯೇ ಅರಳುವ ನಾಗಲಿಂಗ ಕಣ್ಣಿನ ಮಟ್ಟದಲ್ಲಿ ಸಿಗುವುದರಿಂದ, ಹೊಸದಾಗಿ ಚಿತ್ರ ತೆಗೆಯಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಈ ನಗರದಲ್ಲಿಲ್ಲ.

ಮಳೆಗಾಲದ ಹೂಗಳು ಬೇರೆಯದೇ ಶಿಸ್ತನ್ನು ಬೇಡುತ್ತವೆ. ಠಾಣೆಯ ಯೇವೂರು ಗುಡ್ಡ ಮತ್ತು ಕಾನ್ಹೇರಿ ಗುಹೆಗಳ ಸುತ್ತಲಿನ ಇಳಿಜಾರುಗಳಲ್ಲಿ ಜುಲೈ–ಆಗಸ್ಟ್ ವೇಳೆಗೆ ಕರ್ಣಕುಂಡಲ, ಕಾಡು ಅರಿಸಿನ ಮತ್ತು ಮರಾಠಿಯಲ್ಲಿ ಕಳಲಾವಿ ಎನ್ನುವ ಅಗ್ನಿಶಿಖೆ ಕಾಣಿಸಿಕೊಳ್ಳುತ್ತವೆ. ಅಗ್ನಿಶಿಖೆಯ ಬಳ್ಳಿ ಎಲೆಯ ತುದಿಯನ್ನೇ ಕುಡಿಯಾಗಿ ಸುತ್ತಿ ಪಕ್ಕದ ಗಿಡವನ್ನು ಹಿಡಿದು ಮೇಲೇರುತ್ತದೆ. ಕೆಳಮುಖವಾಗಿ ಅರಳಿದ ಹೂವಿನ ದಳಗಳು ಹಿಂದಕ್ಕೆ ಮಡಚಿ ಮೇಲೆದ್ದಿದ್ದು, ಮೊದಲು ಹಸಿರುಮಿಶ್ರಿತ ಹಳದಿಯಾಗಿದ್ದು ದಿನ ಕಳೆದಂತೆ ಪೂರ್ತಿ ಕೆಂಪಾಗುವುದರಿಂದ ಒಂದೇ ಬಳ್ಳಿಯಲ್ಲಿ ಹೂವಿನ ಎಲ್ಲ ಪ್ರಾಯಗಳನ್ನೂ ಸೆರೆಹಿಡಿಯಬಹುದು. ಗಿಡದ ಎಲ್ಲ ಭಾಗಗಳೂ, ಗೆಡ್ಡೆಯಂತೂ ಬಹಳವಾಗಿ, ವಿಷಕಾರಿಯಾದ್ದರಿಂದ ಕೈ ದೂರವಿರಲಿ. ಇಂಥ ಹೂವಿಗೆ ತೀರಾ ಸಮೀಪ ಹೋದಾಗ ಡೆಪ್ತ್ ಆಫ್ ಫೀಲ್ಡ್, ಅಂದರೆ ಚಿತ್ರದಲ್ಲಿ ಎಷ್ಟು ಆಳದವರೆಗೆ ವಿವರ ಸ್ಪಷ್ಟವಾಗಿರುತ್ತದೆಂಬ ಅಳತೆ, ಕೆಲವೇ ಮಿಲಿಮೀಟರಿಗೆ ಇಳಿಯುವುದರಿಂದ ಗಾಳಿ ನಿಲ್ಲುವವರೆಗೆ ಕಾಯದೆ ಗತ್ಯಂತರವಿಲ್ಲ.

ಕಾಯುವಿಕೆಯ ವಿಷಯದಲ್ಲಿ ಕಾರ್ವಿ ಗಿಡ ಇನ್ನೂ ಒಂದು ಹೆಜ್ಜೆ ಮುಂದೆ. ಏಳೆಂಟು ವರ್ಷ ಬರೀ ಎಲೆಯಾಗಿದ್ದು, ಒಂದು ಮಳೆಗಾಲದ ಕೊನೆಗೆ ಗುಡ್ಡದ ಗಿಡಗಳೆಲ್ಲ ಒಟ್ಟಾಗಿ ನೇರಳೆ ಹೂ ಬಿಟ್ಟು, ಬೀಜ ಕಟ್ಟಿ, ಒಣಗಿಹೋಗುತ್ತವೆ. ರಾಷ್ಟ್ರೀಯ ಉದ್ಯಾನದಲ್ಲಿ 2008ರಲ್ಲಿ ಮತ್ತು 2016ರಲ್ಲಿ ಇಂಥ ಸಾಮೂಹಿಕ ಹೂಬಿಡುವಿಕೆ ನಡೆದಿತ್ತು. ಇದೇ ಕಾರ್ವಿಯ ಕಡ್ಡಿಗಳನ್ನು ಹೆಣೆದು ಸಗಣಿ–ಮಣ್ಣು ಮೆತ್ತಿದ ಗೋಡೆಗಳ ಮೇಲೆಯೇ ವಾರ್ಲಿ ಜನರ ಪ್ರಸಿದ್ಧ ಚಿತ್ರಕಲೆ ಬೆಳೆದದ್ದೆಂಬುದನ್ನು ಅರಿತವರು ಆ ಗಿಡವನ್ನು ತುಳಿಯಲಾರರು.

ಈ ತಾಣಗಳು ಶಾಶ್ವತವೆಂದು ಭಾವಿಸುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೆ ತಾಗಿದ ಆರೇ ಕಾಲೊನಿಯಲ್ಲಿ 2019ರ ಅಕ್ಟೋಬರ್‌ನಲ್ಲಿ ಮೆಟ್ರೊ ಕಾರ್‌ಶೆಡ್‌ಗಾಗಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದವು. ಹಾಗೆ ಹೋದ ಮರಗಳಲ್ಲಿ ಯಾವುದು ಯಾವಾಗ ಹೂ ಬಿಡುತ್ತಿತ್ತೆಂಬ ದಾಖಲೆ ಇಲ್ಲದಿದ್ದರೆ ನಷ್ಟ ಇಮ್ಮಡಿಯಾಗುತ್ತದೆ. ಆದ್ದರಿಂದ ಒಂದೇ ಮರವನ್ನು ವರ್ಷವರ್ಷವೂ ಚಿತ್ರಿಸಿ, ಮೊದಲ ಹೂವಿನ ದಿನಾಂಕವನ್ನೂ ಸ್ಥಳವನ್ನೂ ಗುರುತುಹಾಕಿ, ಮರಗಳ ಋತುಚರ್ಯೆಯನ್ನು ನಾಗರಿಕರಿಂದ ಸಂಗ್ರಹಿಸುವ ಸೀಸನ್‌ವಾಚ್‌ನಂಥ ಯೋಜನೆಗೆ ಒಪ್ಪಿಸುವುದು ಛಾಯಾಗ್ರಾಹಕರಿಂದ ಆಗಬಹುದಾದ ದೊಡ್ಡ ಉಪಕಾರ. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 1906ರಲ್ಲಿ ಆರಂಭವಾದ ಬ್ಲಾಟರ್ ಹರ್ಬೇರಿಯಂನ, ಅಂದರೆ ಒಣಗಿಸಿದ ಸಸ್ಯಮಾದರಿಗಳ ಸಂಗ್ರಹಾಲಯದ, ಹಾಳೆಗಳಿಗೆ ಬೆಲೆ ಬಂದಿರುವುದೂ ಸಂಗ್ರಹಿಸಿದವರು ಗಿಡದ ಪಕ್ಕದಲ್ಲಿ ಊರು ಮತ್ತು ತಾರೀಖನ್ನು ಬರೆದಿಟ್ಟದ್ದರಿಂದಲೇ.